ಟಿಕೆಟ್ ಯಾರಿಗೆ ಎಂದು ತೀರ್ಮಾನಿಸುವ ಮತ: ಪಕ್ಷದೊಳಗಿನ ಪ್ರಾಥಮಿಕ ಚುನಾವಣೆ ಎಂದರೇನು?

ಚುನಾವಣೆ ಹತ್ತಿರ ಬಂದರೆ ಕರಾವಳಿಯ ಹೋಟೆಲ್‌ಗಳಲ್ಲಿ, ಮಸೀದಿಯ ಹೊರಗಿನ ಜಗಲಿಯಲ್ಲಿ, ಗಲ್ಫ್‌ನ ರೂಮುಗಳಲ್ಲಿ ಕೇಳಿಬರುವ ಮೊದಲ ಪ್ರಶ್ನೆ ಒಂದೇ: "ಈ ಸಲ ಟಿಕೆಟ್ ಯಾರಿಗೆ?" ಮತದಾನದ ದಿನ ಯಾರಿಗೆ ಓಟು ಹಾಕಬೇಕು ಅನ್ನುವ ಚರ್ಚೆ ಅದರ ನಂತರದ್ದು. ಮತಯಂತ್ರದ ಮೇಲೆ ಯಾರ ಹೆಸರು ಬರಬೇಕು ಎಂಬುದು ಅದಕ್ಕೆ ಮುಂಚೆಯೇ ಎಲ್ಲೋ ತೀರ್ಮಾನ ಆಗಿರುತ್ತದೆ. ಆ ತೀರ್ಮಾನದಲ್ಲಿ ಸಾಮಾನ್ಯ ಮತದಾರನಿಗೆ ಪಾಲು ಇದೆಯೇ? ಇದ್ದರೆ ಅದನ್ನು ಬಳಸುವುದು ಹೇಗೆ?

ಜಗತ್ತಿನ ಕೆಲವು ದೇಶಗಳಲ್ಲಿ ಇದಕ್ಕೆಂದೇ ಒಂದು ಚುನಾವಣೆ ನಡೆಯುತ್ತದೆ. ಅದರ ಹೆಸರು ಪ್ರೈಮರಿ, ಅಂದರೆ ಪ್ರಾಥಮಿಕ ಚುನಾವಣೆ. ಪಕ್ಷದ ಸದಸ್ಯರು ಅಥವಾ ಪಕ್ಷಕ್ಕೆ ಸೇರಿದವರೆಂದು ಹೆಸರು ನೋಂದಾಯಿಸಿದವರು ಮಾತ್ರ ಮತ ಹಾಕಬಹುದಾದ ಪ್ರೈಮರಿಗೆ 'ಕ್ಲೋಸ್ಡ್ ಪ್ರೈಮರಿ' ಎನ್ನುತ್ತಾರೆ. ಕನ್ನಡದಲ್ಲಿ ಮುಚ್ಚಿದ ಪ್ರಾಥಮಿಕ ಚುನಾವಣೆ ಎನ್ನಬಹುದು. ಇದು ಅಮೆರಿಕದ ವಿಷಯ, ನಮಗೇನು ಎಂದುಕೊಳ್ಳುವ ಹಾಗಿಲ್ಲ. 2014ರಲ್ಲಿ ಇದರದ್ದೇ ಒಂದು ರೂಪ ನಮ್ಮ ದಕ್ಷಿಣ ಕನ್ನಡದಲ್ಲೇ ನಡೆದಿತ್ತು.

ಜಮಾಅತ್‌ನ ಮಹಾಸಭೆಯ ಹಾಗೆ

ಈ ವ್ಯವಸ್ಥೆ ಅರ್ಥವಾಗಬೇಕಾದರೆ ದೂರ ಹೋಗಬೇಕಿಲ್ಲ. ಮೊಹಲ್ಲಾದ ಮಸೀದಿಯಲ್ಲಿ ಯಾರು ಬೇಕಾದರೂ ನಮಾಝ್ ಮಾಡಬಹುದು. ಪ್ರಯಾಣಿಕನೂ ಬರಬಹುದು, ಬಾಡಿಗೆ ಮನೆಯವನೂ ಬರಬಹುದು. ಆದರೆ ವಾರ್ಷಿಕ ಮಹಾಸಭೆಯಲ್ಲಿ ಆಡಳಿತ ಸಮಿತಿಯನ್ನು ಆರಿಸುವಾಗ ಸಾಮಾನ್ಯವಾಗಿ ಜಮಾಅತ್‌ನ ಪುಸ್ತಕದಲ್ಲಿ ಹೆಸರಿದ್ದು ವಂತಿಗೆ ಕಟ್ಟಿದವರಿಗೆ ಮಾತ್ರ ಕೈ ಎತ್ತುವ ಹಕ್ಕು. ದಿನಾ ಮಸೀದಿಗೆ ಬರುವವನಾದರೂ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಅಂದು ಸುಮ್ಮನೆ ಕೂರಬೇಕು.

ಮುಚ್ಚಿದ ಪ್ರೈಮರಿಯೂ ಅಷ್ಟೇ. ಸಾರ್ವತ್ರಿಕ ಚುನಾವಣೆಯಲ್ಲಿ ಎಲ್ಲರೂ ಮತ ಹಾಕಬಹುದು. ಆದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ದಿನ ಪಕ್ಷದ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಅವಕಾಶ. "ನಾನು ಮೂವತ್ತು ವರ್ಷದಿಂದ ಇದೇ ಪಕ್ಷಕ್ಕೆ ಓಟು ಹಾಕ್ತಿದ್ದೇನೆ" ಎಂದರೆ ಪ್ರಯೋಜನವಿಲ್ಲ. ಪಟ್ಟಿಯಲ್ಲಿ ಹೆಸರಿದೆಯಾ, ಇಲ್ಲವಾ ಎಂಬುದೊಂದೇ ಲೆಕ್ಕ.

ಪ್ರೈಮರಿಗಳಲ್ಲಿ ಎಷ್ಟು ಬಗೆ?

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಮುಖ್ಯವಾಗಿ ನಾಲ್ಕು ಬಗೆ.

ಮುಚ್ಚಿದ ಪ್ರೈಮರಿ: ಪಕ್ಷಕ್ಕೆ ನೋಂದಾಯಿಸಿದವರಿಗೆ ಮಾತ್ರ ಮತ. ನ್ಯೂಯಾರ್ಕ್, ಫ್ಲೋರಿಡಾ, ಪೆನ್ಸಿಲ್ವೇನಿಯಾ, ಕೆಂಟಕಿ ರಾಜ್ಯಗಳಲ್ಲಿ ಈ ಪದ್ಧತಿ ಇದೆ.

ಅರೆ ಮುಚ್ಚಿದ ಪ್ರೈಮರಿ: ಪಕ್ಷದವರ ಜೊತೆಗೆ ಯಾವ ಪಕ್ಷಕ್ಕೂ ಸೇರದವರೂ ಮತ ಹಾಕಬಹುದು. ಇನ್ನೊಂದು ಪಕ್ಷಕ್ಕೆ ನೋಂದಾಯಿಸಿದವರು ಹಾಕುವಂತಿಲ್ಲ.

ತೆರೆದ ಪ್ರೈಮರಿ: ಯಾವ ಮತದಾರ ಬೇಕಾದರೂ ಯಾವುದಾದರೂ ಒಂದು ಪಕ್ಷದ ಪ್ರೈಮರಿಯಲ್ಲಿ ಮತ ಹಾಕಬಹುದು. ಎರಡು ಪಕ್ಷಗಳಲ್ಲೂ ಹಾಕುವ ಹಾಗಿಲ್ಲ.

ಮೊದಲ ಇಬ್ಬರ ಪದ್ಧತಿ: ಎಲ್ಲ ಪಕ್ಷಗಳ ಅಭ್ಯರ್ಥಿಗಳೂ ಒಂದೇ ಪಟ್ಟಿಯಲ್ಲಿ ಇರುತ್ತಾರೆ. ಹೆಚ್ಚು ಮತ ಪಡೆದ ಇಬ್ಬರು ಅಂತಿಮ ಚುನಾವಣೆಗೆ ಹೋಗುತ್ತಾರೆ. ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ ಹೀಗಿದೆ.

ಅಮೆರಿಕದಲ್ಲಿ ಪ್ರೈಮರಿಯನ್ನು ನಡೆಸುವುದು ಸರ್ಕಾರಿ ಚುನಾವಣಾ ಆಡಳಿತ. ಮತಗಟ್ಟೆ, ಮತಪತ್ರ, ಎಣಿಕೆ ಎಲ್ಲವೂ ಕಾನೂನಿನ ಪ್ರಕಾರ. ಭಾರತದಲ್ಲಿ ಹೀಗಿಲ್ಲ ಎಂಬುದನ್ನು ಮುಂದೆ ನೋಡಬಹುದು.

2014: ಮಂಗಳೂರಿನಲ್ಲಿ ನಡೆದ ಪ್ರಯೋಗ

2014ರ ಲೋಕಸಭಾ ಚುನಾವಣೆಗೆ ಮುಂಚೆ ರಾಹುಲ್ ಗಾಂಧಿ ಅವರ ಒತ್ತಾಸೆಯಿಂದ ಕಾಂಗ್ರೆಸ್ ಪಕ್ಷ ದೇಶದ ಹದಿನೈದರ ಆಸುಪಾಸಿನ ಕ್ಷೇತ್ರಗಳಲ್ಲಿ ಪ್ರೈಮರಿ ನಡೆಸಲು ಹೊರಟಿತು. ಕರ್ನಾಟಕದಲ್ಲಿ ಆಯ್ಕೆಯಾದ ಕ್ಷೇತ್ರಗಳು ಎರಡು: ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ.

ದಕ್ಷಿಣ ಕನ್ನಡದಲ್ಲಿ ಹಿರಿಯ ನಾಯಕ ಬಿ. ಜನಾರ್ದನ ಪೂಜಾರಿ ಮತ್ತು ವೀರಪ್ಪ ಮೊಯ್ಲಿ ಅವರ ಮಗ ಹರ್ಷ ಮೊಯ್ಲಿ ನಡುವೆ ಸ್ಪರ್ಧೆ ನಡೆಯಿತು. ಪೂಜಾರಿ ಗೆದ್ದು ಪಕ್ಷದ ಅಭ್ಯರ್ಥಿಯಾದರು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ ಗೆದ್ದರು.

ಆದರೆ ಮತ ಹಾಕಿದವರು ಯಾರು? ಇಲ್ಲಿ ಗಮನಿಸಬೇಕಾದ ಸಂಗತಿ ಇದೆ. ಪಕ್ಷದ ಎಲ್ಲ ಸದಸ್ಯರಿಗೂ ಆ ಹಕ್ಕು ಇರಲಿಲ್ಲ. ಬ್ಲಾಕ್ ಮಟ್ಟದಿಂದ ಮೇಲಿನ ಪದಾಧಿಕಾರಿಗಳು, ಪಕ್ಷದ ಚುನಾಯಿತ ಪ್ರತಿನಿಧಿಗಳು, ಯುವ, ಮಹಿಳಾ ಮತ್ತು ವಿದ್ಯಾರ್ಥಿ ಘಟಕಗಳ ಪ್ರತಿನಿಧಿಗಳು, ಹೀಗೆ ಒಂದು ಮತದಾರ ಮಂಡಲಿಯನ್ನು ಮಾಡಲಾಗಿತ್ತು. ಲಕ್ಷಾಂತರ ಮತದಾರರಿರುವ ಕ್ಷೇತ್ರಕ್ಕೆ ಅಭ್ಯರ್ಥಿಯನ್ನು ಆರಿಸುವ ಹಕ್ಕು ಒಂದು ಸಭಾಂಗಣದಲ್ಲಿ ಕೂರುವಷ್ಟು ಜನರಿಗೆ ಮಾತ್ರ ಸಿಕ್ಕಿತು. ಅಮೆರಿಕದ ಮುಚ್ಚಿದ ಪ್ರೈಮರಿಗಿಂತಲೂ ಇದರ ಬಾಗಿಲು ಸಣ್ಣದು.

ಫಲಿತಾಂಶವೂ ಪಾಠ ಕಲಿಸುವಂಥದ್ದೇ. 2013ರ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ ಎಂಟು ಸ್ಥಾನಗಳಲ್ಲಿ ಸುಳ್ಯ ಒಂದನ್ನು ಬಿಟ್ಟು ಏಳನ್ನೂ ಕಾಂಗ್ರೆಸ್ ಗೆದ್ದಿತ್ತು. ಒಂದು ವರ್ಷ ಕಳೆದು ಲೋಕಸಭೆಗೆ ಬಂದಾಗ ಪ್ರೈಮರಿ ಗೆದ್ದ ಪೂಜಾರಿ ಅವರು ಬಿಜೆಪಿಯ ನಳಿನ್ ಕುಮಾರ್ ಕಟೀಲ್ ಎದುರು 1.43 ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. 2009ರಲ್ಲಿ ಇವರಿಬ್ಬರ ನಡುವಿನ ಅಂತರ ಸುಮಾರು 40 ಸಾವಿರ ಇತ್ತು. ಬೆಂಗಳೂರು ಉತ್ತರದಲ್ಲಿ ನಾರಾಯಣಸ್ವಾಮಿ ಅವರೂ ಡಿ.ವಿ. ಸದಾನಂದ ಗೌಡರ ಎದುರು ಸೋತರು. ಆ ವರ್ಷ ದೇಶದೆಲ್ಲೆಡೆ ಕಾಂಗ್ರೆಸ್ 44 ಸ್ಥಾನಗಳಿಗೆ ಇಳಿದಿತ್ತು, ಹಾಗಾಗಿ ಸೋಲಿಗೆ ಪ್ರೈಮರಿಯೇ ಕಾರಣ ಎನ್ನಲಾಗದು. ಆದರೆ ಪಕ್ಷದೊಳಗೆ ಗೆದ್ದವನು ಊರಿನಲ್ಲೂ ಗೆಲ್ಲುತ್ತಾನೆ ಎಂಬ ಖಾತರಿ ಇಲ್ಲ ಅಂತ ಗೊತ್ತಾಯಿತು.

ಗುಜರಾತಿನ ವಡೋದರಾದಲ್ಲಿ ಇನ್ನೊಂದು ಬಗೆಯ ಅನುಭವ. ಅಲ್ಲಿ ಪ್ರೈಮರಿ ಗೆದ್ದವರು ನರೇಂದ್ರ ರಾವತ್. ಬಿಜೆಪಿಯಿಂದ ನರೇಂದ್ರ ಮೋದಿ ಅದೇ ಕ್ಷೇತ್ರದಿಂದ ಸ್ಪರ್ಧಿಸುತ್ತಾರೆ ಎಂದಾದ ಮೇಲೆ ಕಾಂಗ್ರೆಸ್ ಅವರ ಬದಲಿಗೆ ಮಧುಸೂದನ ಮಿಸ್ತ್ರಿ ಅವರನ್ನು ಕಣಕ್ಕಿಳಿಸಿತು. ಪಕ್ಷದ ಮೇಲಿನವರು ಬಯಸಿದರೆ ಪ್ರೈಮರಿಯ ಫಲಿತಾಂಶ ಬದಲಾಗಬಹುದು ಎಂಬುದಕ್ಕೆ ಇದು ಉದಾಹರಣೆ. 2019ರ ಲೋಕಸಭಾ ಚುನಾವಣೆಯಲ್ಲಿ ಈ ಪ್ರಯೋಗ ಮುಂದುವರಿಯಲಿಲ್ಲ. ದಕ್ಷಿಣ ಕನ್ನಡದಲ್ಲಿ 2019ರಲ್ಲಿ ಮಿಥುನ್ ರೈ, 2024ರಲ್ಲಿ ಪದ್ಮರಾಜ್ ಆರ್. ಪೂಜಾರಿ ಅವರ ಹೆಸರು ಹಳೆಯ ಪದ್ಧತಿಯಂತೆ ಹೈಕಮಾಂಡ್‌ನಿಂದಲೇ ಬಂತು.

ಗುಡ್ಡಾಪುರದ ಮತದಾರರು ಕಂಡದ್ದು

ಪ್ರೈಮರಿ ಇಲ್ಲದ ಕಡೆ ಏನಾಗುತ್ತದೆ? ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕಿನ ಗುಡ್ಡಾಪುರದ ಕಡೆ ನೋಡಿದರೆ ಗೊತ್ತಾಗುತ್ತದೆ. ದಾನಮ್ಮ ದೇವಿಯ ಕ್ಷೇತ್ರವೆಂದು ಉತ್ತರ ಕರ್ನಾಟಕದ ಮನೆಮನೆಗೂ ಗೊತ್ತಿರುವ ಊರು. ಗಡಿಯ ಆಚೆ ಇದ್ದರೂ ಕನ್ನಡ ಮಾತಾಡುವ ಪ್ರದೇಶ. ಇಲ್ಲಿನವರು ಮತ ಹಾಕುವುದು ಜತ್ತ ವಿಧಾನಸಭೆ ಮತ್ತು ಸಾಂಗ್ಲಿ ಲೋಕಸಭೆಗೆ.

2024ರ ಲೋಕಸಭಾ ಚುನಾವಣೆಯಲ್ಲಿ ಸಾಂಗ್ಲಿಯಲ್ಲಿ ಕಾಂಗ್ರೆಸ್‌ನಿಂದ ಟಿಕೆಟ್ ಕೇಳಿದ್ದವರು ವಿಶಾಲ್ ಪಾಟೀಲ್. ಅವರು ಮಹಾರಾಷ್ಟ್ರದ ಮಾಜಿ ಮುಖ್ಯಮಂತ್ರಿ ವಸಂತದಾದಾ ಪಾಟೀಲರ ಮೊಮ್ಮಗ. ಆದರೆ ಮೂರು ಪಕ್ಷಗಳ ಮೈತ್ರಿಕೂಟದ ಹಂಚಿಕೆಯಲ್ಲಿ ಈ ಕ್ಷೇತ್ರ ಉದ್ಧವ್ ಠಾಕ್ರೆ ಬಣದ ಶಿವಸೇನೆಗೆ ಹೋಯಿತು. ಅವರು ಕುಸ್ತಿಪಟು ಚಂದ್ರಹಾರ ಪಾಟೀಲ್ ಅವರನ್ನು ನಿಲ್ಲಿಸಿದರು. ತೀರ್ಮಾನ ಆದದ್ದು ಮುಂಬೈ, ದಿಲ್ಲಿಯ ಮಾತುಕತೆಯಲ್ಲಿ. ಜತ್ತದ ಕಾರ್ಯಕರ್ತನನ್ನಾಗಲಿ, ಮಿರಜಿನ ಸದಸ್ಯನನ್ನಾಗಲಿ ಮತ ಹಾಕಿಸಿ ಕೇಳುವ ವ್ಯವಸ್ಥೆ ಇರಲಿಲ್ಲ.

ವಿಶಾಲ್ ಪಾಟೀಲ್ ಪಕ್ಷೇತರರಾಗಿ ನಿಂತರು. ಮೇ 7ರಂದು ಮತದಾನ ನಡೆಯಿತು. ಎಣಿಕೆ ಮುಗಿದಾಗ ಅವರು ಬಿಜೆಪಿಯ ಹಾಲಿ ಸಂಸದ ಸಂಜಯಕಾಕಾ ಪಾಟೀಲರನ್ನು ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದ್ದರು. ಮೈತ್ರಿಕೂಟದ ಅಧಿಕೃತ ಅಭ್ಯರ್ಥಿ ಠೇವಣಿ ಕಳೆದುಕೊಂಡಿದ್ದರು. ಗೆದ್ದ ಮೇಲೆ ವಿಶಾಲ್ ಪಾಟೀಲ್ ಕಾಂಗ್ರೆಸ್‌ಗೆ ಬೆಂಬಲ ಪತ್ರ ಕೊಟ್ಟರು.

ಪಕ್ಷದೊಳಗೆ ಮೊದಲೇ ಆಗಬೇಕಿದ್ದ ಆಯ್ಕೆಯನ್ನು ಸಾಂಗ್ಲಿಯ ಮತದಾರರು ಸಾರ್ವತ್ರಿಕ ಚುನಾವಣೆಯಲ್ಲೇ ಮಾಡಿ ಮುಗಿಸಿದರು. ಇದು ಎಲ್ಲ ಕಡೆ ಆಗುವ ಮಾತಲ್ಲ. ದೊಡ್ಡ ಕುಟುಂಬದ ಹೆಸರು, ಸಕ್ಕರೆ ಕಾರ್ಖಾನೆ ಮತ್ತು ಸಹಕಾರಿ ಸಂಘಗಳ ಬಲ ಇಲ್ಲದವನು ಹೀಗೆ ಬಂಡಾಯ ನಿಂತರೆ ಮತ ಒಡೆದು ಮೂರನೆಯವನು ಗೆಲ್ಲುವುದೇ ಹೆಚ್ಚು.

ನ್ಯೂಯಾರ್ಕ್: ಫೆಬ್ರವರಿ 14ರ ಗಡುವು

ಮುಚ್ಚಿದ ಪ್ರೈಮರಿಯ ಶಕ್ತಿ ಮತ್ತು ಮಿತಿ ಎರಡನ್ನೂ ತೋರಿಸುವ ಇತ್ತೀಚಿನ ಉದಾಹರಣೆ ನ್ಯೂಯಾರ್ಕ್ ನಗರದ ಮೇಯರ್ ಚುನಾವಣೆ. ಉಗಾಂಡಾದಲ್ಲಿ ಹುಟ್ಟಿದ, ಭಾರತೀಯ ಮೂಲದ ಮುಸ್ಲಿಂ ತರುಣ ಝೊಹ್ರಾನ್ ಮಮ್ದಾನಿ 2025ರ ಜೂನ್ 24ರಂದು ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ ಮಾಜಿ ಗವರ್ನರ್ ಆಂಡ್ರ್ಯೂ ಕುವೊಮೊ ಅವರನ್ನು ಸೋಲಿಸಿದರು. ಪ್ರಾಶಸ್ತ್ಯ ಮತಗಳ ಅಂತಿಮ ಸುತ್ತಿನಲ್ಲಿ ಮಮ್ದಾನಿಗೆ ಸುಮಾರು ಶೇ. 56 ಮತ. ನವೆಂಬರ್ 4ರ ಅಂತಿಮ ಚುನಾವಣೆಯಲ್ಲಿ ಕುವೊಮೊ ಸ್ವತಂತ್ರ ಅಭ್ಯರ್ಥಿಯಾಗಿ ನಿಂತು ಮತ್ತೆ ಸೋತರು. ಮಮ್ದಾನಿ ಆ ನಗರದ ಮೊದಲ ಮುಸ್ಲಿಂ ಮೇಯರ್ ಆದರು.

ಈ ಪ್ರೈಮರಿಯಲ್ಲಿ ಮತ ಹಾಕಲು ಡೆಮಾಕ್ರಟಿಕ್ ಪಕ್ಷಕ್ಕೆ ನೋಂದಾಯಿಸಿರಬೇಕಿತ್ತು. ಬೇರೆ ಪಕ್ಷದಲ್ಲಿ ಹೆಸರಿದ್ದವರು ಬದಲಾಯಿಸಿಕೊಳ್ಳಲು ಕೊನೆಯ ದಿನ ಫೆಬ್ರವರಿ 14, ಅಂದರೆ ಮತದಾನಕ್ಕೆ ನಾಲ್ಕು ತಿಂಗಳು ಮುಂಚೆ. ಹೊಸದಾಗಿ ಮತದಾರರ ಪಟ್ಟಿಗೆ ಸೇರುವವರಿಗೆ ಜೂನ್ ತಿಂಗಳವರೆಗೂ ಸಮಯ ಇತ್ತು. ನಗರದಲ್ಲಿ ಯಾವ ಪಕ್ಷಕ್ಕೂ ಸೇರದ ಸುಮಾರು 10 ಲಕ್ಷ ಮತದಾರರಿದ್ದಾರೆ, ಅವರಿಗೆ ಜೂನ್‌ನಲ್ಲಿ ಮತವೇ ಇಲ್ಲ. ಡೆಮಾಕ್ರಟಿಕ್ ಪಕ್ಷ ಬಲವಾಗಿರುವ ಆ ನಗರದಲ್ಲಿ ಎಷ್ಟೋ ಸಲ ಪ್ರೈಮರಿ ಗೆದ್ದರೆ ಅರ್ಧ ಚುನಾವಣೆ ಗೆದ್ದ ಹಾಗೆ. ಹಾಗಾಗಿ ಫೆಬ್ರವರಿಯಲ್ಲಿ ಒಂದು ಅರ್ಜಿ ತುಂಬುವುದು ನವೆಂಬರ್‌ನ ಮತದಷ್ಟೇ ಬೆಲೆಯದ್ದು.

ಗಡುವು ತಪ್ಪಿದರೆ ದೊಡ್ಡವರ ಮಕ್ಕಳಿಗೂ ವಿನಾಯಿತಿ ಇಲ್ಲ. 2016ರಲ್ಲಿ ನ್ಯೂಯಾರ್ಕ್‌ನ ರಿಪಬ್ಲಿಕನ್ ಪ್ರೈಮರಿಯಲ್ಲಿ ಡೊನಾಲ್ಡ್ ಟ್ರಂಪ್ ಸ್ಪರ್ಧಿಸಿದ್ದರು. ಅವರ ಮಗಳು ಇವಾಂಕಾ ಮತ್ತು ಮಗ ಎರಿಕ್ ಸಕಾಲದಲ್ಲಿ ಪಕ್ಷಕ್ಕೆ ಹೆಸರು ನೋಂದಾಯಿಸದ ಕಾರಣ ತಂದೆಗೇ ಮತ ಹಾಕಲಾಗಲಿಲ್ಲ. ಆಗ ಪಕ್ಷ ಬದಲಾವಣೆಯ ಗಡುವು ಏಪ್ರಿಲ್‌ನ ಮತದಾನಕ್ಕೆ ಆರು ತಿಂಗಳು ಮುಂಚೆ, 2015ರ ಅಕ್ಟೋಬರ್‌ನಲ್ಲೇ ಮುಗಿದಿತ್ತು.

ಅಮೆರಿಕದಲ್ಲಿರುವ ನಮ್ಮವರು ಒಂದು ಮಾತು ನೆನಪಿಡಬೇಕು. ಫೆಡರಲ್ ಚುನಾವಣೆಗಳಲ್ಲಿ ಮತ ಹಾಕುವ ಹಕ್ಕು ಪೌರತ್ವ ಪಡೆದವರಿಗೆ ಮಾತ್ರ. ಗ್ರೀನ್ ಕಾರ್ಡ್ ಇದ್ದವರು ತಿಳಿಯದೆ ಅರ್ಜಿಯಲ್ಲಿ ಪೌರ ಎಂದು ಗುರುತು ಹಾಕಿದರೂ ಗಡೀಪಾರಿನವರೆಗೆ ತೊಂದರೆ ಬರಬಹುದು.

ಬಾಗಿಲು ಮುಚ್ಚುವುದರ ಕಹಿ ಇತಿಹಾಸ

ಪಕ್ಷ ಖಾಸಗಿ ಸಂಘ, ಅದರ ಅಭ್ಯರ್ಥಿಯನ್ನು ಅದರ ಸದಸ್ಯರೇ ಆರಿಸಲಿ ಎಂಬುದು ಮುಚ್ಚಿದ ಪ್ರೈಮರಿಯ ಪರವಾದ ವಾದ. ಎದುರಾಳಿ ಪಕ್ಷದವರು ನುಗ್ಗಿ ದುರ್ಬಲ ಅಭ್ಯರ್ಥಿಯನ್ನು ಗೆಲ್ಲಿಸುವುದನ್ನು ಇದು ತಡೆಯುತ್ತದೆ. ಈ ವಾದದಲ್ಲಿ ಹುರುಳಿದೆ.

ಆದರೆ ಸದಸ್ಯ ಯಾರು ಎಂದು ತೀರ್ಮಾನಿಸುವ ಅಧಿಕಾರ ದುರುಪಯೋಗ ಆದದ್ದೂ ಇದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷ 1932ರಲ್ಲಿ ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂದು ನಿರ್ಣಯ ಮಾಡಿತು. ಅಲ್ಲಿ ಆಗ ಆ ಪಕ್ಷದ ಅಭ್ಯರ್ಥಿಯಾದವನು ಗೆದ್ದಂತೆಯೇ ಲೆಕ್ಕ. ಕಪ್ಪು ಜನಾಂಗದವರು ಅಂತಿಮ ಚುನಾವಣೆಯಲ್ಲಿ ಮತ ಹಾಕಿದರೂ ಅದಕ್ಕೆ ಬೆಲೆ ಇರಲಿಲ್ಲ. ಹ್ಯೂಸ್ಟನ್‌ನ ಕಪ್ಪು ಜನಾಂಗದ ದಂತವೈದ್ಯ ಲೋನಿ ಸ್ಮಿತ್ ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1944ರಲ್ಲಿ ಇದನ್ನು ಅಸಾಂವಿಧಾನಿಕ ಎಂದಿತು. ಪ್ರೈಮರಿ ಪಕ್ಷದ ಮನೆಯೊಳಗಿನ ವ್ಯವಹಾರ ಮಾತ್ರವಲ್ಲ, ಅದು ಚುನಾವಣೆಯ ಭಾಗವೇ ಎಂಬುದು ಆ ತೀರ್ಪಿನ ಸಾರ.

ಭಾರತದ ಯಾವ ಕಾನೂನೂ ಮುಸ್ಲಿಮರು ಅಥವಾ ಇನ್ನಾವ ಸಮುದಾಯದವರು ಪಕ್ಷ ಸೇರುವುದನ್ನು ತಡೆಯುವುದಿಲ್ಲ. ಇಲ್ಲಿನ ಕೊರತೆ ಬೇರೆ. 2011ರ ಜನಗಣತಿಯಂತೆ ದಕ್ಷಿಣ ಕನ್ನಡದ ಜನಸಂಖ್ಯೆಯಲ್ಲಿ ಮುಸ್ಲಿಮರ ಪಾಲು ಸುಮಾರು ಶೇ. 24. ಮತದಾನದ ದಿನ ಸಾಲಿನಲ್ಲಿ ನಿಲ್ಲುವುದರಲ್ಲಿ ಸಮುದಾಯ ಹಿಂದೆ ಬಿದ್ದಿಲ್ಲ. ಆದರೆ ಬೂತ್ ಸಮಿತಿ, ಬ್ಲಾಕ್ ಸಮಿತಿ, ಸದಸ್ಯತ್ವದ ಪಟ್ಟಿ ಎಂದಾಗ "ಅದೆಲ್ಲ ರಾಜಕೀಯದವರ ಕೆಲಸ" ಎನ್ನುವ ಮಾತು ಮನೆಗಳಲ್ಲಿ ಕೇಳಿಬರುತ್ತದೆ. ಟಿಕೆಟ್ ತೀರ್ಮಾನ ಆಗುವುದು ಆ ಪಟ್ಟಿಗಳಲ್ಲಿ ಇದ್ದವರ ನಡುವೆ. ಹೊರಗೆ ನಿಂತವರಿಗೆ ಉಳಿಯುವುದು ಕೊಟ್ಟ ಹೆಸರಿಗೆ ಗುಂಡಿ ಒತ್ತುವುದು ಮಾತ್ರ.

ಭಾರತದ ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಪ್ರೈಮರಿ ಕಡ್ಡಾಯ ಅಲ್ಲ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 29ಎ ಕಲಂ ಪ್ರಕಾರ ಪಕ್ಷಗಳು ಚುನಾವಣಾ ಆಯೋಗದಲ್ಲಿ ನೋಂದಣಿ ಮಾಡಿಸಬೇಕು, ಸಂವಿಧಾನಕ್ಕೆ ನಿಷ್ಠೆ ಘೋಷಿಸಬೇಕು. ಅಭ್ಯರ್ಥಿಯನ್ನು ಹೇಗೆ ಆರಿಸಬೇಕು ಎಂದು ಕಾಯ್ದೆ ಹೇಳುವುದಿಲ್ಲ. ಪಕ್ಷಗಳಲ್ಲಿ ಆಂತರಿಕ ಪ್ರಜಾಪ್ರಭುತ್ವಕ್ಕೆ ಕಾನೂನು ಬೇಕೆಂದು 1999ರಲ್ಲಿ ಕಾನೂನು ಆಯೋಗ ತನ್ನ 170ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. ಅದು ಕಾನೂನಾಗಲಿಲ್ಲ.

ಕಾನೂನಿನ ದೃಷ್ಟಿಯಲ್ಲಿ ಟಿಕೆಟ್ ಎಂದರೆ ಎರಡು ಕಾಗದ: ಫಾರ್ಮ್ ಎ ಮತ್ತು ಫಾರ್ಮ್ ಬಿ. ಸಹಿ ಮಾಡುವ ಅಧಿಕಾರ ಪಕ್ಷದಲ್ಲಿ ಯಾರಿಗಿದೆ ಎಂದು ಫಾರ್ಮ್ ಎ ಹೇಳುತ್ತದೆ. ಕ್ಷೇತ್ರದ ಅಧಿಕೃತ ಅಭ್ಯರ್ಥಿ ಯಾರು ಎಂದು ಫಾರ್ಮ್ ಬಿ ಹೇಳುತ್ತದೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಇವು ಚುನಾವಣಾಧಿಕಾರಿಯ ಕೈ ಸೇರಬೇಕು. ಪ್ರೈಮರಿ ಗೆದ್ದಿದ್ದರೂ ಬಿ ಫಾರ್ಮ್ ಸಿಗದಿದ್ದರೆ ಪಕ್ಷದ ಚಿಹ್ನೆ ಇಲ್ಲ.

ಭಾರತದಲ್ಲಿ ನಡೆಯುವ ಮುಚ್ಚಿದ ಚುನಾವಣೆಗಳು

ಟಿಕೆಟ್‌ಗೆ ಅಲ್ಲದಿದ್ದರೂ ಪಕ್ಷದ ಹುದ್ದೆಗಳಿಗೆ ಸದಸ್ಯರೇ ಮತ ಹಾಕುವ ಚುನಾವಣೆಗಳು ನಡೆಯುತ್ತಿವೆ. ಯುವಜನರಿಗೆ ಹತ್ತಿರದ್ದು ಯುವ ಕಾಂಗ್ರೆಸ್ ಚುನಾವಣೆ. ಸದಸ್ಯತ್ವ ಪಡೆದ ಯುವಕ ಯುವತಿಯರಿಗೆ ಮಾತ್ರ ಅದರಲ್ಲಿ ಮತ. ಕರ್ನಾಟಕದಲ್ಲಿ 2021ರಲ್ಲಿ ಇದು ಆನ್‌ಲೈನ್‌ನಲ್ಲಿ ನಡೆಯಿತು. ಮುಹಮ್ಮದ್ ನಲಪಾಡ್ ಅವರಿಗೆ ಸುಮಾರು 64 ಸಾವಿರ, ರಕ್ಷಾ ರಾಮಯ್ಯ ಅವರಿಗೆ ಸುಮಾರು 57 ಸಾವಿರ ಮತ ಬಂದವು. ನಲಪಾಡ್ ಅವರನ್ನು ಅನರ್ಹಗೊಳಿಸಿ ರಕ್ಷಾ ರಾಮಯ್ಯ ಅವರನ್ನು ಅಧ್ಯಕ್ಷರೆಂದು ಘೋಷಿಸಲಾಯಿತು. ಮುಂದೆ 2022ರಲ್ಲಿ ನಲಪಾಡ್ ಅಧ್ಯಕ್ಷರಾದರು. ಅಭ್ಯರ್ಥಿಯ ಅರ್ಹತೆಯ ವಿಷಯ ಎಣಿಕೆಗೆ ಮುಂಚೆ ಇತ್ಯರ್ಥ ಆಗದಿದ್ದರೆ ಮತ ಹಾಕಿದವರಿಗೆ ಎಷ್ಟು ಗೊಂದಲ ಎಂಬುದು ಆಗ ಕಂಡಿತು.

2022ರ ಅಕ್ಟೋಬರ್ 17ರ ಎಐಸಿಸಿ ಅಧ್ಯಕ್ಷರ ಚುನಾವಣೆ ಇನ್ನೊಂದು ಉದಾಹರಣೆ. ಮತ ಹಕ್ಕು ಇದ್ದದ್ದು ಒಂಬತ್ತು ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳಿಗೆ. ಮಲ್ಲಿಕಾರ್ಜುನ ಖರ್ಗೆ ಅವರಿಗೆ 7,897, ಶಶಿ ತರೂರ್ ಅವರಿಗೆ 1,072 ಮತ ಬಂದವು. 416 ಮತ ತಿರಸ್ಕೃತವಾದವು. ಚುನಾವಣೆಗೆ ಮುಂಚೆ ಎರಡು ಆಕ್ಷೇಪ ಕೇಳಿಬಂದಿದ್ದವು. ಒಂದು, ಮತದಾರರ ಪಟ್ಟಿಯನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿಲ್ಲ ಎಂಬುದು. ಇನ್ನೊಂದು ಮತಪತ್ರದ್ದು. ಇಷ್ಟದ ಅಭ್ಯರ್ಥಿಯ ಮುಂದೆ '1' ಎಂದು ಬರೆಯಬೇಕೆಂದು ಮೊದಲು ಹೇಳಲಾಗಿತ್ತು. ಪಟ್ಟಿಯಲ್ಲಿ ಮೊದಲನೆಯವರು ಖರ್ಗೆ ಆದ್ದರಿಂದ ಗೊಂದಲ ಆಗುತ್ತದೆ ಎಂದು ತರೂರ್ ಕಡೆಯವರು ದೂರಿದರು. ಕೊನೆಗೆ ಟಿಕ್ ಗುರುತು ಹಾಕುವಂತೆ ಬದಲಾಯಿಸಲಾಯಿತು. ಪಟ್ಟಿ ಯಾರ ಕೈಯಲ್ಲಿದೆ, ಗುರುತು ಹೇಗೆ ಹಾಕಬೇಕು ಎಂಬ ಸಣ್ಣ ವಿಷಯಗಳೇ ಒಳಚುನಾವಣೆಯಲ್ಲಿ ದೊಡ್ಡದಾಗುತ್ತವೆ.

ಕೆಲವು ಸಾಮಾನ್ಯ ಪ್ರಶ್ನೆಗಳು

ಮತದಾರರ ಚೀಟಿ ಇದ್ದರೆ ಪಕ್ಷದ ಚುನಾವಣೆಯಲ್ಲಿ ಮತ ಹಾಕಬಹುದೇ?
ಇಲ್ಲ. ಆಯೋಗದ ಮತದಾರರ ಪಟ್ಟಿಗೂ ಪಕ್ಷದ ಸದಸ್ಯತ್ವ ಪಟ್ಟಿಗೂ ಸಂಬಂಧವಿಲ್ಲ. ಭಾರತದಲ್ಲಿ ಮತದಾರರ ಪಟ್ಟಿಯಲ್ಲಿ ಪಕ್ಷದ ಹೆಸರು ನಮೂದಾಗುವುದೂ ಇಲ್ಲ.

ಸದಸ್ಯನಾದರೆ ಸಾಕೇ?
ಎಲ್ಲ ಪಕ್ಷಗಳಲ್ಲೂ ಸಾಕಾಗದು. ಸಾಮಾನ್ಯ ಸದಸ್ಯತ್ವ ಬೇರೆ, ಸಕ್ರಿಯ ಸದಸ್ಯತ್ವ ಬೇರೆ. ಉದಾಹರಣೆಗೆ ಬಿಜೆಪಿಯಲ್ಲಿ ಮಿಸ್ಡ್ ಕಾಲ್ ಕೊಟ್ಟು ಸದಸ್ಯರಾದವರಿಗೂ ಸಂಘಟನೆಯ ಹುದ್ದೆಗೆ ಬೇಕಾದ ಸಕ್ರಿಯ ಸದಸ್ಯತ್ವಕ್ಕೂ ವ್ಯತ್ಯಾಸವಿದೆ.

ಪಕ್ಷದ ಸದಸ್ಯನಾದರೆ ಸಾರ್ವತ್ರಿಕ ಚುನಾವಣೆಯಲ್ಲಿ ಅದೇ ಪಕ್ಷಕ್ಕೆ ಮತ ಹಾಕಲೇಬೇಕೇ?
ಇಲ್ಲ. ಮತದಾನ ಗುಪ್ತ. ಯಾರಿಗೆ ಹಾಕಿದರು ಎಂದು ಕೇಳುವ ಹಕ್ಕು ಯಾವ ಪಕ್ಷಕ್ಕೂ ಇಲ್ಲ.

ಸರ್ಕಾರಿ ನೌಕರರು ಪಕ್ಷದ ಸದಸ್ಯರಾಗಬಹುದೇ?
ಇಲ್ಲ. ಸೇವಾ ನಡತೆ ನಿಯಮಗಳು ತಡೆಯುತ್ತವೆ. ಅವರು ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಬಹುದು.

ಗಲ್ಫ್‌ನಲ್ಲಿರುವವರ ಕತೆ ಏನು?
ಭಾರತದ ಪಾಸ್‌ಪೋರ್ಟ್ ಇದ್ದು ಬೇರೆ ದೇಶದ ಪೌರತ್ವ ಪಡೆಯದವರು ಫಾರ್ಮ್ 6ಎ ತುಂಬಿ ಅನಿವಾಸಿ ಮತದಾರರಾಗಬಹುದು. ಆದರೆ ಮತ ಹಾಕಲು ಊರಿಗೇ ಬರಬೇಕು. ಪಕ್ಷದ ಒಳಚುನಾವಣೆಯಲ್ಲಿ ಅವರಿಗೆ ಅವಕಾಶ ಇದೆಯೇ ಎಂಬುದು ಆಯಾ ಪಕ್ಷದ ನಿಯಮಕ್ಕೆ ಬಿಟ್ಟದ್ದು.

ಒಳಚುನಾವಣೆಯಲ್ಲಿ ಅಕ್ರಮ ನಡೆದರೆ ಆಯೋಗಕ್ಕೆ ದೂರು ಕೊಡಬಹುದೇ?
ಈ ಚುನಾವಣೆಯನ್ನು ಆಯೋಗ ನಡೆಸುವುದಿಲ್ಲ, ಮಾದರಿ ನೀತಿ ಸಂಹಿತೆಯೂ ಅನ್ವಯಿಸುವುದಿಲ್ಲ. ಮೊದಲು ಹೋಗಬೇಕಾದದ್ದು ಪಕ್ಷದೊಳಗಿನ ಚುನಾವಣಾ ಪ್ರಾಧಿಕಾರಕ್ಕೆ.

ಭಾಗವಹಿಸುವವರು ಗಮನಿಸಬೇಕಾದದ್ದು

ಯಾವ ಪಕ್ಷ ಎಂಬುದು ಅವರವರ ಆಯ್ಕೆ. ಸೇರಿದ ಮೇಲೆ ಈ ಕೆಲವು ವಿಷಯ ನೋಡಿಕೊಳ್ಳಬೇಕು.

ಸದಸ್ಯತ್ವದ ಅರ್ಜಿಯಲ್ಲಿ ಸ್ವಂತ ಮೊಬೈಲ್ ನಂಬರನ್ನೇ ಕೊಡಬೇಕು. ಊರಿನ ನಾಯಕರ ನಂಬರ್ ಕೊಟ್ಟರೆ ಆನ್‌ಲೈನ್ ಮತವೂ ಅವರ ಕೈಗೆ ಹೋಗಬಹುದು. ಒಟಿಪಿ ಯಾರು ಕೇಳಿದರೂ ಹೇಳಬಾರದು.

ಸದಸ್ಯತ್ವದ ರಶೀದಿ ಅಥವಾ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ನವೀಕರಣದ ದಿನ ಗೊತ್ತಿರಬೇಕು.

ಮತದಾನಕ್ಕೆ ಮುಂಚೆ ಪಟ್ಟಿಯಲ್ಲಿ ಹೆಸರು, ಬೂತ್, ಬ್ಲಾಕ್ ಸರಿಯಿದೆಯೇ ಎಂದು ನೋಡಬೇಕು. ಪಟ್ಟಿ ತೋರಿಸಿ ಎಂದು ಕೇಳುವುದು ಸದಸ್ಯನ ನ್ಯಾಯವಾದ ಬೇಡಿಕೆ.

ತನಗೆ ಇರುವುದು ನೇರ ಮತವೇ, ಪ್ರತಿನಿಧಿಯನ್ನು ಆರಿಸುವ ಮತವೇ ಎಂದು ಮೊದಲೇ ತಿಳಿದುಕೊಳ್ಳಬೇಕು. ಮತಪತ್ರದಲ್ಲಿ ಗುರುತು ಹಾಕುವ ವಿಧಾನ ಕೇಳಿಯೇ ಒಳಗೆ ಹೋಗಬೇಕು.

ಮನೆಯ ಹೆಣ್ಣುಮಕ್ಕಳ ಹೆಸರೂ ಪಟ್ಟಿಯಲ್ಲಿರಲಿ. ಮತದಾನದ ದಿನ ಅವರು ಸಾಲಿನಲ್ಲಿ ನಿಲ್ಲುವುದಾದರೆ, ಅಭ್ಯರ್ಥಿಯನ್ನು ಆರಿಸುವಾಗ ಮಾತ್ರ ಯಾಕೆ ಹೊರಗಿರಬೇಕು?

ಸಾಂಗ್ಲಿಯ ಮತದಾರರಿಗೆ ಬಂಡಾಯ ಅಭ್ಯರ್ಥಿ ಸಿಕ್ಕಿದ್ದರಿಂದ ತಮ್ಮ ಆಯ್ಕೆಯನ್ನು ಕೊನೆಗೆ ಹೇಳಲು ಸಾಧ್ಯವಾಯಿತು. ನ್ಯೂಯಾರ್ಕ್‌ನವರಿಗೆ ಗಡುವಿನೊಳಗೆ ತುಂಬಿದ ಒಂದು ಅರ್ಜಿ ಆ ಅವಕಾಶ ಕೊಟ್ಟಿತು. 2014ರಲ್ಲಿ ದಕ್ಷಿಣ ಕನ್ನಡದಲ್ಲಿ ಬ್ಲಾಕ್ ಸಮಿತಿಯ ಪಟ್ಟಿಯಲ್ಲಿ ಇದ್ದವರು ಮತ ಹಾಕಿದರು, ಇಲ್ಲದವರು ಮರುದಿನ ಪತ್ರಿಕೆ ಓದಿದರು. ಅಂಥ ಪ್ರಯೋಗ ಇನ್ನೊಮ್ಮೆ ಬಂದರೆ ಪಟ್ಟಿ ಸಿದ್ಧವಾಗುವುದು ಆ ದಿನ ಅಲ್ಲ, ಅದಕ್ಕಿಂತ ಎಷ್ಟೋ ತಿಂಗಳು ಮುಂಚೆ.